ಕಲ್ಲುಗೋಡೆಯ ಮನೆಯಲ್ಲಿ ಮೂರು ಬಗೆಯ ವೈಫೈ ಸ್ಪೀಕರ್‌ಗಳನ್ನು ಹೊಂದಿಸಿದ ಬಗೆ

ರಾಯಚೂರಿನ ನಮ್ಮ ಮನೆಗೆ ಹಾಡು ಕೇಳುವ ಸಾಧನಗಳು ಒಂದೇ ಸಲಕ್ಕೆ ಬಂದವಲ್ಲ. ಪಡಸಾಲೆಯ ರಿಸೀವರ್, ಎಂದರೆ ಸ್ಪೀಕರ್‌ಗಳನ್ನು ನುಡಿಸುವ ಪೆಟ್ಟಿಗೆ, ಎಲ್ಲಕ್ಕಿಂತ ಹಳೆಯದು. ಅದರ ಪೆಟ್ಟಿಗೆಯ ಮೇಲೆ ಡಿಎಲ್‌ಎನ್‌ಎ ಮತ್ತು ಆಪಲ್‌ನ ಏರ್‌ಪ್ಲೇ ಎಂಬ, ಮನೆಯ ಜಾಲದ ಮೂಲಕ ಹಾಡು ತಲುಪಿಸುವ ಎರಡು ಪದ್ಧತಿಗಳ ಗುರುತುಗಳಿದ್ದವು. ಅಡುಗೆಮನೆಯ ಪುಟ್ಟ ಸ್ಪೀಕರಿಗೆ ಗೂಗಲ್ ಕಾಸ್ಟ್ ಬಿಟ್ಟರೆ ಬ್ಲೂಟೂತ್ ಮಾತ್ರ ಗೊತ್ತು. ಮಹಡಿಯಲ್ಲಿ ಮಗಳು ಇಟ್ಟುಕೊಂಡಿರುವುದು ಏರ್‌ಪ್ಲೇ 2 ಸ್ಪೀಕರ್. ಅಂಗಡಿಯಲ್ಲಿ ಈ ಮೂರನ್ನೂ ವೈಫೈ ಸ್ಪೀಕರ್ ಎಂದೇ ಮಾರುತ್ತಾರೆ. ಆದರೆ ಹಳೆಯ ಕ್ಯಾಸೆಟ್‌ಗಳಿಂದ ನಾನು ಕಂಪ್ಯೂಟರಿಗೆ ಇಳಿಸಿಕೊಂಡ ದಾಸರ ಪದ, ತತ್ವಪದ ಮತ್ತು ಭಜನೆಗಳ ಸಂಗ್ರಹ ಮೂರೂ ಕಡೆ ಒಂದೇ ರೀತಿ ಕೇಳಬೇಕು ಎಂದು ಕೆಲಸಕ್ಕೆ ಕುಳಿತಾಗ, ಮೂರಕ್ಕೂ ವೈಫೈ ಹೊರತು ಬೇರೇನೂ ಸಮಾನವಾಗಿಲ್ಲ ಎಂಬುದು ಸ್ಪಷ್ಟವಾಯಿತು.

ವ್ಯತ್ಯಾಸವೆಲ್ಲ ಇರುವುದು ಹಾಡನ್ನು ಹೊತ್ತು ತರುವವರು ಯಾರು ಎಂಬುದರಲ್ಲಿ. 2010ರಲ್ಲಿ ಬಂದ ಏರ್‌ಪ್ಲೇಯಲ್ಲಿ ಫೋನೇ ಹಾಡನ್ನು ತೆಗೆದುಕೊಂಡು ಸ್ಪೀಕರಿಗೆ ಕಳಿಸುತ್ತಿರುತ್ತದೆ. 2013ರ ಗೂಗಲ್ ಕಾಸ್ಟ್‌ನಲ್ಲಿ ಫೋನ್ ಕೊಡುವುದು ಹಾಡಿನ ವಿಳಾಸವನ್ನು ಮಾತ್ರ. ಸ್ಪೀಕರ್ ತಾನೇ ಹೋಗಿ ತಂದುಕೊಳ್ಳುತ್ತದೆ, ಆದ್ದರಿಂದ ಫೋನನ್ನು ಆರಿಸಿದರೂ ಅಂತರ್ಜಾಲದ ಹಾಡು ನಿಲ್ಲುವುದಿಲ್ಲ. ಡಿಎಲ್‌ಎನ್‌ಎಯಲ್ಲಿ ಕೆಲಸ ಮೂರು ಪಾಲಾಗಿದೆ: ಹಾಡುಗಳನ್ನು ಇಟ್ಟುಕೊಂಡಿರುವ ಸರ್ವರ್, ಅದನ್ನು ನುಡಿಸುವ ಸಾಧನ, ಇವೆರಡಕ್ಕೂ ಆಜ್ಞೆ ಕೊಡುವ ನಿಯಂತ್ರಕ. 2003ರಲ್ಲಿ ಆರಂಭವಾದ ಡಿಎಲ್‌ಎನ್‌ಎ ಒಕ್ಕೂಟ 2017ರಲ್ಲಿ ಮುಚ್ಚಿಹೋಯಿತಾದರೂ, ಅದರ ಬುಡದಲ್ಲಿರುವ ಯುಪಿಎನ್‌ಪಿ ಎಂಬ ನಿಯಮಾವಳಿ ಉಳಿದಿರುವುದರಿಂದ ನಮ್ಮ ರಿಸೀವರಿನಂತಹ ಹಳೆಯ ಯಂತ್ರಗಳು ಇಂದಿಗೂ ಉಪಯುಕ್ತವಾಗಿವೆ. ಬ್ಲೂಟೂತ್ ಈ ಲೆಕ್ಕಕ್ಕೇ ಬರುವುದಿಲ್ಲ. ಅದು ಮನೆಯ ಜಾಲಕ್ಕೆ ಸೇರಿದ್ದಲ್ಲ, ಫೋನ್ ಹಿಡಿದು ಹಿತ್ತಲಿಗೆ ಹೋದರೆ ಹಾಡೂ ಹೋಗುತ್ತದೆ.

ನನ್ನ ಹೆಚ್ಚಿನ ಶ್ರಮ ಹೋದದ್ದು ಧ್ವನಿಯ ಗುಣಮಟ್ಟಕ್ಕಲ್ಲ, ಸಾಧನಗಳು ಪರಸ್ಪರ ಕಾಣಿಸುವಂತೆ ಮಾಡುವುದಕ್ಕೆ. ಏರ್‌ಪ್ಲೇ ಮತ್ತು ಕಾಸ್ಟ್ ಸಾಧನಗಳು 224.0.0.251 ಎಂಬ ವಿಳಾಸಕ್ಕೂ, ಡಿಎಲ್‌ಎನ್‌ಎ ಸಾಧನಗಳು 239.255.255.250 ಎಂಬ ವಿಳಾಸಕ್ಕೂ ‘ನಾನಿದ್ದೇನೆ’ ಎಂದು ಸಾರುತ್ತವೆ. ಇದು ಊರಲ್ಲಿ ಡಂಗುರ ಹೊಡೆಸಿದಂತೆ: ಕೂಗು ಊರ ಎಲ್ಲೆಯೊಳಗೆ ಎಲ್ಲರಿಗೂ ಕೇಳುತ್ತದೆ, ಎಲ್ಲೆಯಾಚೆಗೆ ಯಾರಿಗೂ ಕೇಳುವುದಿಲ್ಲ. ನಮ್ಮಲ್ಲಿ ಫೈಬರ್ ಸಂಪರ್ಕ ಕೊಟ್ಟವರು ಇಟ್ಟ ಪೆಟ್ಟಿಗೆಯೇ ಒಂದು ರೌಟರ್, ಮಹಡಿಗೆ ಸಿಗ್ನಲ್ ಮುಟ್ಟಲೆಂದು ಕೊಂಡದ್ದು ಇನ್ನೊಂದು ರೌಟರ್. ಹೀಗಾಗಿ ಒಂದೇ ಮನೆಯೊಳಗೆ 192.168.1 ಮತ್ತು 192.168.0 ಎಂದು ಆರಂಭವಾಗುವ ಎರಡು ಜಾಲಗಳಾಗಿದ್ದವು. ಎರಡರಲ್ಲೂ ಅಂತರ್ಜಾಲ ಸರಾಗವಾಗಿ ಬರುತ್ತಿದ್ದುದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಫೋನು ಒಂದರಲ್ಲಿ, ರಿಸೀವರ್ ಇನ್ನೊಂದರಲ್ಲಿ. ಎರಡನೆಯ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಗೆ ಬದಲಿಸಿ, ವಿಳಾಸ ಹಂಚುವ ಕೆಲಸವನ್ನು ಮೊದಲನೆಯದಕ್ಕಷ್ಟೇ ಬಿಟ್ಟ ಮೇಲೆ ಮೂರೂ ಸಾಧನಗಳು ಫೋನಿನ ಪಟ್ಟಿಯಲ್ಲಿ ಒಟ್ಟಿಗೆ ಕಾಣಿಸಿಕೊಂಡವು.

ಕಾಣಿಸಿಕೊಂಡದ್ದು ಉಳಿಯಲಿಲ್ಲ. ಕೆಲವು ನಿಮಿಷಗಳ ನಂತರ ರಿಸೀವರ್ ಪಟ್ಟಿಯಿಂದ ಮಾಯವಾಗುತ್ತಿತ್ತು. ರೌಟರಿನ ಐಜಿಎಂಪಿ ಸ್ನೂಪಿಂಗ್ ಎಂಬ ಆಯ್ಕೆ, ಇಂತಹ ಸಾಮೂಹಿಕ ಕೂಗು ಯಾರಿಗೆ ಬೇಕು ಎಂದು ನೋಡಿ ಅವರಿಗಷ್ಟೇ ತಲುಪಿಸುತ್ತದೆ. ಆದರೆ ‘ಇನ್ನೂ ಬೇಕೇ’ ಎಂದು ಆಗಾಗ ಕೇಳುವವರು ಜಾಲದಲ್ಲಿ ಇಲ್ಲದಿದ್ದರೆ ಅದು ಪಟ್ಟಿಯಿಂದ ಹೆಸರನ್ನು ತೆಗೆದುಹಾಕುತ್ತದೆ. ಸಣ್ಣ ಮನೆಯ ಜಾಲದಲ್ಲಿ ಈ ಮಿತವ್ಯಯದಿಂದ ದೊಡ್ಡ ಲಾಭವೇನೂ ಇಲ್ಲವಾದ್ದರಿಂದ ಅದನ್ನು ನಿಲ್ಲಿಸಿಬಿಟ್ಟೆ.

ಮನೆಯ ಗೋಡೆಗಳು ಬಂಡೆಗಲ್ಲಿನವು. 5 ಗಿಗಾಹರ್ಟ್ಸ್ ತರಂಗ ಪಡಸಾಲೆಯಿಂದ ಅಡುಗೆಮನೆಗೆ ಮುಟ್ಟುವಷ್ಟರಲ್ಲಿ ಸೋತುಹೋಗುತ್ತದೆ. ಅಡುಗೆಮನೆಯ ಸ್ಪೀಕರಿಗೆ 2.4 ಗಿಗಾಹರ್ಟ್ಸನ್ನೇ ಬಿಟ್ಟು, ರಿಸೀವರಿಗೆ ಈಥರ್ನೆಟ್ ತಂತಿ ಎಳೆದೆ. ಕರೆಂಟು ಹೋಗಿ ಬಂದಾಗಿನ ತೊಂದರೆ ಬೇರೆ: ರೌಟರ್ ಎದ್ದು ಕೂರುವ ಮೊದಲೇ ರಿಸೀವರ್ ಎದ್ದು, ವಿಳಾಸ ಕೊಡುವವರು ಸಿಗದೆ 169.254 ಎಂದು ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡು ಕುಳಿತುಬಿಡುತ್ತಿತ್ತು. ಫೈಬರ್ ಪೆಟ್ಟಿಗೆ ಮತ್ತು ರೌಟರನ್ನು ಇನ್ವರ್ಟರ್ ಲೈನಿಗೆ ಸೇರಿಸಿದ ಮೇಲೆ ಆ ಕಾಟ ತಪ್ಪಿತು. ಬೇಸಿಗೆಯ ರಾಯಚೂರಿನಲ್ಲಿ ಇದನ್ನು ಮೊದಲೇ ಮಾಡಿಕೊಳ್ಳುವುದು ಕ್ಷೇಮ.

ಕಡತಗಳ ವಿಷಯದಲ್ಲಿ ನಾನು ಹಟ ಹಿಡಿಯಲಿಲ್ಲ. ಎಲ್ಲವನ್ನೂ ಗುಣಮಟ್ಟ ಕಳೆಯದೆ ಕಡತವನ್ನು ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ, ಸಿಡಿಯ ಅಳತೆಯಾದ 44.1 ಕಿಲೋಹರ್ಟ್ಸ್ ಮತ್ತು 16 ಬಿಟ್‌ನಲ್ಲಿ ಇಟ್ಟೆ. ಮೊದಲ ಏರ್‌ಪ್ಲೇ ಸಾಗಿಸುವುದೇ ಈ ಅಳತೆಯನ್ನು. ಉಳಿದವೂ ಇದನ್ನು ಬೇಡವೆನ್ನುವುದಿಲ್ಲ. ಕ್ಯಾಸೆಟ್ಟಿನ ಸುಯ್ ಸದ್ದನ್ನು 24 ಬಿಟ್‌ನಲ್ಲಿ ಕಾಪಾಡಿ ಸಾಧಿಸುವುದೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಪರಿಚಿತರಿಂದ ಬಂದ ಕೆಲವು ಎಂಪಿ3ಗಳಲ್ಲಿ ಹಾಡಿನ ಹೆಸರುಗಳು ಯೂನಿಕೋಡ್‌ಪೂರ್ವದ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದು, ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತಿದ್ದವು. ಅವನ್ನು ಯೂನಿಕೋಡಿಗೆ ಬದಲಿಸಿದೆ. ಫೋನಿನಲ್ಲಿ ಕನ್ನಡ ಸರಿಯಾಗಿ ಬಂದಿತಾದರೂ ರಿಸೀವರಿನ ಪುಟ್ಟ ಪರದೆ ಕನ್ನಡ ಅಕ್ಷರಗಳನ್ನೇ ಹೊಂದಿಲ್ಲದ್ದರಿಂದ ಅಲ್ಲಿ ಚೌಕಗಳಷ್ಟೇ ಮೂಡುತ್ತವೆ. ಅದಕ್ಕಾಗಿ ಫೋಲ್ಡರುಗಳ ಹೆಸರನ್ನು ಮಾತ್ರ ರೋಮನ್ ಲಿಪಿಯಲ್ಲಿ ಉಳಿಸಿಕೊಂಡಿದ್ದೇನೆ.

ಇಷ್ಟಾದ ಮೇಲೆ ಉಳಿದ ಕೊರತೆಯನ್ನು ಗುರುತಿಸಿದವರು ನಮ್ಮ ಅವ್ವ. “ಭಜನಿ ನಡುವ ಯಾಕ ನಿಂದ್ರತದಪಾ?” ಎಂದರು. ಕ್ಯಾಸೆಟ್ಟಿನ ಒಂದು ಬದಿಯನ್ನು ಪದಗಳಾಗಿ ಕತ್ತರಿಸಿದ್ದೆನಾದ್ದರಿಂದ, ತಾಳ ನಿಲ್ಲದೆ ಒಂದು ಪದದಿಂದ ಇನ್ನೊಂದಕ್ಕೆ ಹರಿಯುವ ಕಡೆಯಲ್ಲೆಲ್ಲ ರಿಸೀವರ್ ಒಂದೆರಡು ಕ್ಷಣ ಮೌನವಾಗುತ್ತಿತ್ತು. ಒಂದು ಹಾಡು ನಡೆಯುತ್ತಿರುವಾಗಲೇ ಮುಂದಿನದರ ವಿಳಾಸವನ್ನು ತಿಳಿಸಿಡುವ ಆಜ್ಞೆಯೊಂದು ಯುಪಿಎನ್‌ಪಿಯಲ್ಲಿದೆ, ಆದರೆ ಅದು ಐಚ್ಛಿಕ. ತಯಾರಕರು ಅದನ್ನು ಅಳವಡಿಸದೆಯೂ ಪೆಟ್ಟಿಗೆಯ ಮೇಲೆ ಡಿಎಲ್‌ಎನ್‌ಎ ಗುರುತನ್ನು ಹಾಕಿಕೊಳ್ಳಬಹುದಿತ್ತು. ನಮ್ಮ ರಿಸೀವರ್ ಅಂತಹುದು. ಒಂದೇ ಗುರುತು ಹೊತ್ತ ಎರಡು ಯಂತ್ರಗಳ ನಡತೆ ಬೇರೆ ಬೇರೆಯಾಗಲು ಇಂತಹ ಐಚ್ಛಿಕ ಅಂಶಗಳೂ ಕಾರಣ.

ಕೊನೆಗೆ ಹಿಡಿದ ದಾರಿ ನಡುವೆ ಒಬ್ಬ ದುಭಾಷಿಯನ್ನು ಕೂರಿಸುವುದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಲಿರಿಯನ್ ಮ್ಯೂಸಿಕ್ ಸರ್ವರ್ ಸ್ಥಾಪಿಸಿದೆ. ಲಾಜಿಟೆಕ್ ಕಂಪನಿ ತನ್ನ ಸ್ಕ್ವೀಜ್‌ಬಾಕ್ಸ್ ಯಂತ್ರಗಳಿಗಾಗಿ ಹೊರತಂದಿದ್ದ ತಂತ್ರಾಂಶ ಇದು. ಆ ಯಂತ್ರಗಳು 2012ರಲ್ಲಿ ನಿಂತುಹೋದರೂ ಬಳಕೆದಾರರ ಸಮುದಾಯ ಇದನ್ನು ನಡೆಸಿಕೊಂಡು ಬಂದಿದೆ. ಇದಕ್ಕೆ ಯುಪಿಎನ್‌ಪಿ, ಏರ್‌ಪ್ಲೇ ಮತ್ತು ಕಾಸ್ಟ್‌ಗೆ ಪ್ರತ್ಯೇಕ ಸೇತುವೆ ಪ್ಲಗಿನ್‌ಗಳಿವೆ. ಅವನ್ನು ಹಾಕಿದೊಡನೆ ಮೂರೂ ಸ್ಪೀಕರ್‌ಗಳು ಒಂದೇ ಸರ್ವರಿನ ಸಾಧನಗಳಾಗಿ ಕಾಣಿಸಿಕೊಳ್ಳುತ್ತವೆ. ಮಗಳ ಐಫೋನಿನಲ್ಲಾಗಲಿ ಮನೆಯವರ ಆಂಡ್ರಾಯ್ಡ್‌ನಲ್ಲಾಗಲಿ ಬ್ರೌಸರ್ ತೆರೆದರೆ ಸಾಕು. ಯುಪಿಎನ್‌ಪಿ ಸೇತುವೆಯಲ್ಲಿ ‘ಫ್ಲೋ’ ಎಂಬ ಸ್ಥಿತಿ ಇದೆ. ಅದನ್ನು ಆಯ್ದುಕೊಂಡರೆ ಹಾಡುಗಳನ್ನು ಬಿಡಿಬಿಡಿಯಾಗಿ ಕಳಿಸದೆ ಇಡೀ ಸಾಲನ್ನು ಒಂದೇ ಉದ್ದನೆಯ ಪ್ರವಾಹವಾಗಿ ಕಳಿಸಲಾಗುತ್ತದೆ. ರಿಸೀವರಿಗೆ ಅದು ಮುಗಿಯದ ಒಂದೇ ಹಾಡು. ಅದರ ಪರದೆಯ ಮೇಲೆ ಪದದ ಹೆಸರು ಬದಲಾಗುವುದಿಲ್ಲ, ಆದರೆ ಹೇಗಿದ್ದರೂ ಅಲ್ಲಿ ಕಾಣುತ್ತಿದ್ದುದು ಚೌಕಗಳೇ. ಭಜನೆ ಈಗ ತಡೆಯಿಲ್ಲದೆ ನಡೆಯುತ್ತದೆ.

ಪಡಸಾಲೆ ಮತ್ತು ಅಡುಗೆಮನೆಯಲ್ಲಿ ಒಂದೇ ಹಾಡನ್ನು ಏಕಕಾಲಕ್ಕೆ ನುಡಿಸುವುದು ಮಾತ್ರ ಈ ವ್ಯವಸ್ಥೆಯಿಂದ ಸಾಧ್ಯವಾಗಿಲ್ಲ. ಯುಪಿಎನ್‌ಪಿ ಸಾಧನವೂ ಕಾಸ್ಟ್ ಸಾಧನವೂ ಎಷ್ಟು ಧ್ವನಿಯನ್ನು ತಮ್ಮೊಳಗೆ ತುಂಬಿಕೊಂಡು ನುಡಿಸಲು ಆರಂಭಿಸುತ್ತವೆ ಎಂಬುದು ಬೇರೆ ಬೇರೆ, ಅದನ್ನು ಸರ್ವರ್ ನಿಖರವಾಗಿ ಅಳೆಯಲಾರದು. ನಡುಮನೆಯಲ್ಲಿ ನಿಂತರೆ ಹಾಡಿಗೆ ಪ್ರತಿಧ್ವನಿ ಹತ್ತಿದಂತೆ ಕೇಳುತ್ತದೆ. ಇದಕ್ಕೆ ಪರಿಹಾರವೆಂದರೆ ಎರಡೂ ಕಡೆ ಒಂದೇ ಬಗೆಯ ನುಡಿಸುವ ತಂತ್ರಾಂಶವಿರುವುದು. ಆದ್ದರಿಂದ ರಿಸೀವರಿನ ಹಿಂದಿನ ಆಕ್ಸ್ ಕಿಂಡಿಗೆ, ಮತ್ತು ಅಡುಗೆಮನೆಯಲ್ಲಿ ಮೂಲೆ ಸೇರಿರುವ ಹಳೆಯ ಆಂಪ್ಲಿಫೈಯರಿಗೆ, ಧ್ವನಿ ಪರಿವರ್ತಕ ಕಾರ್ಡ್ ಹಾಕಿದ ಒಂದೊಂದು ಪೈ ಸೇರಿಸಿ ಎರಡರಲ್ಲೂ ಸ್ಕ್ವೀಜ್‌ಲೈಟ್ ಎಂಬ ನುಡಿಸುವ ತಂತ್ರಾಂಶ ಓಡಿಸುವುದು ನನ್ನ ಮುಂದಿನ ಕೆಲಸ. ಕಾಸ್ಟ್ ಸ್ಪೀಕರ್ ಅಡುಗೆಮನೆಯಲ್ಲೇ ಇರುತ್ತದೆ, ಸುದ್ದಿ ಕೇಳುವುದಕ್ಕೆ.