ಬೆನ್ನಿಲ್ಲದ ಪುಸ್ತಕ

ಇಪ್ಪತ್ತು ವರ್ಷ ಪತ್ರಿಕೆಗಳಿಗೆ ಪಾಕೆಟ್ ಕಾರ್ಟೂನ್ ಬರೆದವನು ನಾನು. ಒಂದು ಚೌಕ, ಇಬ್ಬರು ಮನುಷ್ಯರು, ಒಂದು ಮಾತು. ಸಂಜೆ ಆರಕ್ಕೆ ಕೆಲಸ ಮುಗಿಯುತ್ತಿತ್ತು. ಅಂಥ ನೂರೈವತ್ತು ಚೌಕ ಜೋಡಿಸಿದರೆ ಕಾಮಿಕ್ಸ್ ಆಯಿತು ಅಂದುಕೊಂಡೇ ಕೈ ಹಾಕಿದೆ. ಒಬ್ಬ ಅಜ್ಜಿ, ಒಂದು ಕೆರೆ ದೆವ್ವ, 32 ಪುಟ. ಒಂಬತ್ತನೇ ಪುಟಕ್ಕೆ ಬಂದು ಹಿಂದಿರುಗಿ ನೋಡಿದರೆ ಮೊದಲ ಪುಟದ ಅಜ್ಜಿಗೂ ಇವಳಿಗೂ ದೂರದ ಸಂಬಂಧಿಕರಷ್ಟೂ ಹೋಲಿಕೆಯಿಲ್ಲ. ಪಾಕೆಟ್ ಕಾರ್ಟೂನಿನ ಮುಖ ಮರುದಿನ ಯಾರಿಗೂ ನೆನಪಿರುವುದಿಲ್ಲ, ಇಲ್ಲಿ ಹಾಗಲ್ಲ. ಅಜ್ಜಿಯನ್ನು ಎದುರಿನಿಂದ, ಪಕ್ಕದಿಂದ, ನಗುವಾಗ, ಬೈಯುವಾಗ ಅಂತ ಒಂದು ಹಾಳೆ ತುಂಬ ಬರೆದು ಗೋಡೆಗೆ ಅಂಟಿಸಿಕೊಂಡು, ಒಂಬತ್ತೂ ಪುಟ ಮತ್ತೆ ಬರೆದೆ.

ಆದರೆ ನಿಜಕ್ಕೂ ಸುಸ್ತು ಮಾಡಿದ್ದು ಬಲೂನು, ಅಂದರೆ ಪಾತ್ರದ ಮಾತು ಬರೆಯುವ ಗುಳ್ಳೆ. ಚಿತ್ರ ಮೊದಲು ಬರೆದು, ಉಳಿದ ಜಾಗದಲ್ಲಿ ಮಾತು ತುರುಕೋಣ ಅಂದರೆ ಕನ್ನಡ ಹಾಗೆ ಕೂರುವುದಿಲ್ಲ. 'ಹೇಳಬೇಕಾಗಿರಲಿಲ್ಲವಲ್ಲ' ಎಂಬ ಒಂದೇ ಪದ ಚೌಕದ ಈ ಗೋಡೆಯಿಂದ ಆ ಗೋಡೆಗೆ ಮಲಗಿಬಿಡುತ್ತದೆ. ಅರ್ಧಕ್ಕೆ ಮುರಿದು ಕೆಳಗಿಳಿಸಿದರೆ ಮೂರನೇ ಕ್ಲಾಸಿನ ಮಗು ಅಲ್ಲೇ ಮುಗ್ಗರಿಸುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ತುಳಿಯುತ್ತದೆ, ಹಾಗಾಗಿ ಸಾಲುಗಳ ನಡುವೆಯೂ ಜಾಗ ಬಿಡಬೇಕು. ಕೊನೆಗೆ 'ಹೇಳ್ಬಾರ್ದಿತ್ತು' ಅಂತ ಬರೆದೆ, ಕೂತಿತು. ಪುಸ್ತಕದ ಅಜ್ಜಿ ದಾವಣಗೆರೆ ಕನ್ನಡ ಮಾತಾಡುವುದನ್ನು ಈಚೆಗೆ ಒಬ್ಬರು ಬಹಳ ಮೆಚ್ಚಿಕೊಂಡರು. ಜಾಗ ಸಾಲದೆ ಹಾಗಾಯಿತು ಅಂತ ಅವರಿಗೆ ಹೇಳಲಿಲ್ಲ.

ಅಕ್ಷರ ಟೈಪ್ ಮಾಡಿಯೂ ನೋಡಿದೆ. ನನ್ನ ಹಳೇ ಸಾಫ್ಟ್‌ವೇರಿನಲ್ಲಿ ಒತ್ತುಗಳು ಅಕ್ಷರ ಬಿಟ್ಟು ಪಕ್ಕಕ್ಕೆ ಹೋಗಿ ನಿಂತವು. ಸರ್ಕಾರಿ ಕಚೇರಿಗಳಲ್ಲಿ ಬಳಸುವ ನುಡಿ ಫಾಂಟ್ ಹಾಕಿದಾಗ ಒತ್ತೇನೋ ಸರಿಹೋಯಿತು, ಆದರೆ ದೆವ್ವ ಸರ್ಕಾರಿ ಸುತ್ತೋಲೆ ಓದುವಂತೆ ಮಾತಾಡತೊಡಗಿತು. ಕೈಯಲ್ಲೇ ಬರೆದೆ, ಹನ್ನೊಂದು ದಿನ ಹಿಡಿಯಿತು. ಈಗ ಮಾತು ಮೊದಲು ಬರೆಯುತ್ತೇನೆ, ಅದರ ಸುತ್ತ ಬಲೂನು, ಮಿಕ್ಕ ಜಾಗದಲ್ಲಿ ಮನುಷ್ಯರು. ಮೊದಲು ಮಾತಾಡುವವರು ಎಡಕ್ಕಿರಬೇಕು. ಹದಿನಾಲ್ಕನೇ ಪುಟದಲ್ಲಿ ಇದನ್ನು ಮರೆತು, ಪ್ರಶ್ನೆಗಿಂತ ಮೊದಲೇ ಉತ್ತರ ಅಚ್ಚಾಗಿದೆ. ಸದ್ದುಗಳಿಗೆ ಮಾತ್ರ ತಡಕಾಡಬೇಕಾಗಲಿಲ್ಲ. ದುಡುದುಡು, ಸರಸರ, ಗುಳುಗುಳು... ಕಣ್ಣು ಬಿಡುವುದಕ್ಕೂ 'ಪಿಳಿಪಿಳಿ' ಎನ್ನುವ ಭಾಷೆ ನಮ್ಮದು.

ಅಚ್ಚಿಗೆ ಹೋದಾಗ ಲೆಕ್ಕ ಶುರುವಾಯಿತು. 1/8 ಡೆಮಿ ಆಕಾರ, 16 ಪುಟಗಳ ಎರಡು ಫಾರಂ (ಎರಡೂ ಮಗ್ಗುಲು ಅಚ್ಚಾಗಿ ಮಡಚುವ ದೊಡ್ಡ ಹಾಳೆ). ಬಣ್ಣದಲ್ಲಿ ಮಾಡಿದರೆ ಒಂದೊಂದು ಫಾರಂನ ಎರಡು ಮಗ್ಗುಲಿಗೂ, ಇಂಕಿಗೆ ಒಂದರಂತೆ, ನಾಲ್ಕು ನಾಲ್ಕು ಅಚ್ಚಿನ ಪ್ಲೇಟು, ಒಟ್ಟು 16. ಬರೀ ಕಪ್ಪಾದರೆ 4. ಆಫ್‌ಸೆಟ್‌ನಲ್ಲಿ 500 ಪ್ರತಿ ಹಾಕಿಸಿದರೂ 2000 ಹಾಕಿಸಿದರೂ ಪ್ಲೇಟಿನ ಖರ್ಚು ಅಷ್ಟೇ. ನನ್ನದು 500. ರಕ್ಷಾಪುಟಕ್ಕೆ ಮಾತ್ರ ಬಣ್ಣ ಕೊಟ್ಟು ಒಳಗೆಲ್ಲ ಕಪ್ಪು-ಬಿಳುಪು ಮಾಡಿದೆ. ರಾತ್ರಿಯ ಕೆರೆಗೆ ಶೇಕಡಾ 70ರ ಬೂದು ತುಂಬಿದ್ದೆ. ಒಳಪುಟಕ್ಕೆ ಹಾಕಿದ, ನುಣುಪಿನ ಲೇಪವಿಲ್ಲದ ಮ್ಯಾಪ್‌ಲಿಥೊ ಕಾಗದ ಇಂಕು ಹೀರಿ ಹರಡಿಸುತ್ತದೆ. ಬೂದು ಅಮಾವಾಸ್ಯೆಯಾಗಿ, ಆರು ಚೌಕಗಳಲ್ಲಿ ದೆವ್ವವೇ ಕಾಣೆಯಾಯಿತು. ಪ್ರೆಸ್ಸಿನವರ ತಪ್ಪಲ್ಲ. ನುಣುಪು ಆರ್ಟ್ ಪೇಪರಿನ ಮೇಲೆ ಪ್ರೂಫ್ ನೋಡಿ ಸಹಿ ಹಾಕಿದವನು ನಾನೇ.

ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ದೆಹಲಿಯ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಪುಕ್ಕಟೆ ಸಿಕ್ಕಿತು. ಪುಸ್ತಕಕ್ಕೆ ಜಿಎಸ್‌ಟಿಯೂ ಇಲ್ಲ. ಸುಲಭದ್ದೆಲ್ಲ ಅಲ್ಲಿಗೆ ಮುಗಿಯಿತು. ಬೆಲೆ 80 ರೂಪಾಯಿ. ಅಂಗಡಿಯವರಿಗೆ ಶೇಕಡಾ 40, ಅಂದರೆ 32, ಅಚ್ಚಿಗೆ 31, ನನಗೆ ಉಳಿಯುವುದು 17. ಅದೂ ಮಾರಾಟವಾದ ಮೇಲೆ, ನೆನಪು ಮಾಡಿದರೆ.

ಒಂದು ಅಂಗಡಿಯಲ್ಲಿ "ಅಮರ ಚಿತ್ರಕಥೆ ತರಾನಾ ಸಾರ್?" ಅಂದರು. ಅದನ್ನು ಕಟ್ಟಿದ ಅನಂತ ಪೈ ಹುಟ್ಟಿದ್ದೂ ನಮ್ಮ ಕಾರ್ಕಳದಲ್ಲೇ, ಪಕ್ಕದಲ್ಲೇ ಇಡಿ ಅಂದೆ. ಇಟ್ಟರು. ಎರಡು ತಿಂಗಳು ಬಿಟ್ಟು ಹೋದರೆ ಪುಸ್ತಕ ಇದ್ದಲ್ಲೇ ಇತ್ತು, ಆದರೆ ಯಾರಿಗೂ ಕಾಣುತ್ತಿರಲಿಲ್ಲ. 32 ಪುಟಕ್ಕೆ ನಡುವೆ ಎರಡು ಪಿನ್ ಹೊಡೆದರೆ ಹೆಸರು ಬರೆಯಲು ಬೆನ್ನೇ ಇರುವುದಿಲ್ಲ. ಕಪಾಟಿನಲ್ಲಿ ನಿಲ್ಲಿಸಿದರೆ ಅದು ಎರಡು ಪುಸ್ತಕಗಳ ನಡುವಿನ ಗೆರೆ ಅಷ್ಟೇ.

2023ರ ಜನವರಿಯಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನಕ್ಕೆ ಹೊತ್ತುಕೊಂಡು ಹೋದೆ, ಸ್ನೇಹಿತರ ಮಳಿಗೆಯ ಮೂಲೆಯಲ್ಲಿ ಒಂದು ಮೇಜು. "ಅಣ್ಣಾರ, ಇದು ಬಣ್ಣಾ ಹಚ್ಚೂ ಪುಸ್ತಕ ಏನ್ರೀ?" ಅಂತ ಒಬ್ಬ ತಾಯಿ ಕೇಳಿದರು. ಹಚ್ಚಬಹುದ್ರೀ ಅಂದೆ, ಮಾನಕ್ಕಿಂತ ಎಂಬತ್ತು ರೂಪಾಯಿ ದೊಡ್ಡದು. ಆಮೇಲೆ ಕೊಂಡವರ ಮುಖವನ್ನು ಮೊದಲ ಪುಟದಲ್ಲಿ ಎರಡು ನಿಮಿಷದಲ್ಲಿ ಬರೆದುಕೊಡತೊಡಗಿದೆ. ಸಾಲು ನಿಂತಿತು. ಮೂರು ದಿನಕ್ಕೆ 140 ಪ್ರತಿ ಹೋದವು, ಕಮಿಷನ್ ಇಲ್ಲದೆ. ಕಥೆಗೆ ಕೊಟ್ಟರೋ ತಮ್ಮ ಮುಖಕ್ಕೆ ಕೊಟ್ಟರೋ, ಆ ಅನುಮಾನ ಇನ್ನೂ ಹೋಗಿಲ್ಲ.

ಎರಡನೇ ದಿನ ಒಬ್ಬ ಹುಡುಗ ಮೇಜಿನ ಮುಂದೆ ನಿಂತೇ ಇಡೀ ಪುಸ್ತಕ ಓದಿದ. ಹದಿನಾಲ್ಕನೇ ಪುಟದಲ್ಲಿ ಹುಬ್ಬು ಗಂಟಿಕ್ಕಿದ, ಕತ್ತಲ ಕೆರೆಯಲ್ಲಿ ಪುಟವನ್ನು ಮೂಗಿಗೆ ಹಿಡಿದು ದೆವ್ವ ಹುಡುಕಿದ, ಕೊನೆಗೆ ಜೋರಾಗಿ ನಕ್ಕು ಪುಸ್ತಕ ವಾಪಸ್ಸಿಟ್ಟು ಓಡಿದ. ಮರುದಿನ ಗೆಳೆಯನನ್ನು ಕರೆತಂದು, ಪುಟ ತಿರುಗಿಸುತ್ತ ತಾನೇ ಕಥೆ ಹೇಳಿದ. ಇಬ್ಬರೂ ಕೊಳ್ಳಲಿಲ್ಲ.

ಈಗ ಬರೆಯುತ್ತಿರುವುದು 64 ಪುಟ. ಅಂಟು ಹಾಕಿ ಬೈಂಡ್ ಮಾಡಿದರೆ ತೆಳ್ಳಗಾದರೂ ಒಂದು ಬೆನ್ನು ಬರುತ್ತದೆ. ನಿಂತುಕೊಂಡೇ ಮುಗಿಸುವುದೂ ಸ್ವಲ್ಪ ಕಷ್ಟ.