ಮುಂಬಯಿ ಮಳೆಗಾಲದ ಜ್ವರ: ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಊರಿನಿಂದ ಹೊಸದಾಗಿ ಬಂದವರು ಜ್ವರ ಬಂದರೆ ಮೆಡಿಕಲ್‌ನಿಂದ ಒಂದು ಮಾತ್ರೆ ತಂದು ನುಂಗಿ, ಬೆಳಿಗ್ಗೆ ಮತ್ತೆ ಲೋಕಲ್ ಹತ್ತಿಬಿಡುತ್ತಾರೆ. ಹೊಸ ಕೆಲಸ, ರಜೆ ಕೇಳಲು ಸಂಕೋಚ, ನಮಗೆ ಅರ್ಥವಾಗುತ್ತದೆ. ಆದರೆ ಮಳೆಗಾಲದಲ್ಲಿ ಈ ಊರಿನ ಜ್ವರವನ್ನು ಹಾಗೆ ಬಿಡಬೇಡಿ. ಮಲೇರಿಯಾ, ಡೆಂಗ್ಯೂ, ಇಲಿಜ್ವರ ಮೂರೂ ಇದೇ ಕಾಲದಲ್ಲಿ ಜಾಸ್ತಿ, ಮತ್ತು ಶುರುವಿನಲ್ಲಿ ಮೂರೂ ಮಾಮೂಲಿ ಜ್ವರದ ಹಾಗೇ ಕಾಣುತ್ತವೆ.

ಎರಡನೇ ದಿನಕ್ಕೂ ಜ್ವರ ಬಿಡಲಿಲ್ಲವೇ? ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಬಿಎಂಸಿ (ಮುಂಬಯಿ ಮಹಾನಗರ ಪಾಲಿಕೆ) ದವಾಖಾನೆಯಲ್ಲಿ ಮಲೇರಿಯಾ ಪರೀಕ್ಷೆಗೆ ದುಡ್ಡು ಬೇಡ. ಗರ್ಭಿಣಿಯರು, ಹಸುಗೂಸು, ವಯಸ್ಸಾದವರು, ಶುಗರ್ ಇರುವವರು ಎರಡು ದಿನ ಕಾಯುವುದೂ ಬೇಡ, ಅದೇ ದಿನ ಹೋಗಿ.

ಡೆಂಗ್ಯೂ ವಿಷಯದಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಜ್ವರ ಇಳಿಯಿತು ಅಂತ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರಲ್ಲ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ನಿಜವಾದ ಅಪಾಯ ಆಗಲೇ ಇರುವುದು. ಹೊಟ್ಟೆ ವಿಪರೀತ ನೋಯುವುದು, ವಾಂತಿ ನಿಲ್ಲದಿರುವುದು, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಂಪರು ಹತ್ತುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೊರಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು. ಮೈಕೈ ನೋವಿಗೆ ಅಂತ ಸುಮ್ನೆ ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೋಫಿನಾಕ್ ತಗೊಳ್ಳಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಪಪ್ಪಾಯಿ ಎಲೆಯ ರಸ ಕುಡಿಸಿದ್ದೇವೆ ಅಂತ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದಂತೂ ಬೇಡವೇ ಬೇಡ.

ಇನ್ನು ಇಲಿಜ್ವರ. ಹಿಂದ್‌ಮಾತಾ, ಕುರ್ಲಾ, ಸಯನ್ ಕಡೆ ನೀರು ನಿಂತಾಗ ಅದರಲ್ಲೇ ನಡೆದು ಮನೆ ಸೇರುವುದು ಇಲ್ಲಿ ಎಲ್ಲರಿಗೂ ಆಗುವುದೇ. ಆ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ, ಕಾಲಿನ ಸಣ್ಣ ಗಾಯ ಸಾಕು, ರೋಗಾಣು ಒಳಗೆ ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಈ ಜ್ವರ ನಗರದಲ್ಲಿ ಜೋರಾಗಿ ಹಬ್ಬಿತ್ತು. ಮನೆಗೆ ಬಂದ ಕೂಡಲೇ ಕಾಲು ಸೋಪಿನಲ್ಲಿ ತೊಳೆಯಿರಿ. ಕಾಲಲ್ಲಿ ಗಾಯವಿದ್ದರೆ 72 ಗಂಟೆಯೊಳಗೆ ಡಾಕ್ಟರನ್ನು ಕೇಳಿ, ತಡೆಗಟ್ಟುವ ಮಾತ್ರೆ ಕೊಡುತ್ತಾರೆ. ಆಮೇಲೆ ಜ್ವರ ಬಂತು, ಮೀನಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು ಅಥವಾ ಹಳದಿ ಎಂದರೆ, ನೀರಿನಲ್ಲಿ ನಡೆದದ್ದನ್ನು ಡಾಕ್ಟರಿಗೆ ನೀವೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಮಕ್ಕಳಿಗೆ ಭೇದಿಯಾದರೆ ಓಆರ್‌ಎಸ್ ಕೊಡಿ. ಕಣ್ಣು ಗುಳಿಬಿದ್ದು, ಮೂತ್ರ ನಿಂತರೆ ಮನೆಮದ್ದು ಸಾಲದು, ಡಾಕ್ಟರ ಹತ್ತಿರ ಹೋಗಿ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಿ, ಸರ್ಕಾರಿ ಕೇಂದ್ರಗಳಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಎದೆ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಮಲಗಬೇಡಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಏಳದಿರುವುದು, ಮಾತು ತೊದಲುವುದು ಸ್ಟ್ರೋಕ್ ಇರಬಹುದು, ಒಂದೊಂದು ನಿಮಿಷವೂ ಮುಖ್ಯ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಉಚಿತ. ಪರೇಲಿನ ಕೆಇಎಂ, ಸಯನ್, ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಲ್ಲಿ ಹಗಲು ರಾತ್ರಿ ಕ್ಯಾಶುವಾಲ್ಟಿ ತೆರೆದಿರುತ್ತದೆ. ಹಳೇ ರಿಪೋರ್ಟು, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.

ಹಿಂದಿ, ಮರಾಠಿ ಬಾರದೆ ಡಾಕ್ಟರ ಹತ್ತಿರ ಹೇಗೆ ಮಾತಾಡುವುದು ಅಂತ ಹಿಂಜರಿಯುತ್ತಿದ್ದರೆ ನಮ್ಮ ಸಂಘಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಪರವಾಗಿಲ್ಲ, ಯಾರಾದರೂ ಒಬ್ಬರು ಜೊತೆಗೆ ಬರುತ್ತೇವೆ.