ಮಾದರಿ ವಿಮಾನಗಳ ವಾರ್ಷಿಕ ಹಾರಾಟ ಸ್ಪರ್ಧೆ: ನಡೆಸುವುದು ಹೇಗೆ?

ಪುಣೆಯ ಕನ್ನಡಿಗರ ಮನೆಗಳ ಮಕ್ಕಳಿಗಾಗಿ ನಾವು ಕೆಲವು ಪಾಲಕರು ಸೇರಿ ಪ್ರತಿ ಚಳಿಗಾಲದಲ್ಲೂ ಒಂದು ಭಾನುವಾರ ಬೆಳಿಗ್ಗೆ ಮಾದರಿ ವಿಮಾನಗಳ ಹಾರಾಟ ಸ್ಪರ್ಧೆ ನಡೆಸುತ್ತೇವೆ. ಮೊದಲ ವರ್ಷ ಮೈದಾನ, ಬ್ಯಾನರ್, ಬಹುಮಾನ, ಉಪ್ಪಿಟ್ಟು ಎಲ್ಲವೂ ಸಿದ್ಧವಾಗಿದ್ದವು. ವಿಮಾನ ಎಷ್ಟು ಹೊತ್ತು ಹಾರಿತೆಂಬುದನ್ನು ಎಲ್ಲರೂ ಒಪ್ಪುವಂತೆ ಅಳೆಯುವ ವ್ಯವಸ್ಥೆಯೊಂದು ಮಾತ್ರ ಇರಲಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳ ಗ್ಲೈಡರ್ (ಎಂಜಿನ್ ಇಲ್ಲದೆ ತೇಲುವ ವಿಮಾನ) ಬೇವಿನ ಮರದ ಹಿಂದೆ ಮರೆಯಾದಾಗ ಒಬ್ಬರು ಅಲ್ಲಿಗೇ ಸ್ಟಾಪ್‌ವಾಚ್ ನಿಲ್ಲಿಸಿದರು. ಇನ್ನೊಬ್ಬರು ಮರದಾಚೆಯಿಂದ ಯಾರೋ ‘ಬಿತ್ತು’ ಎಂದು ಕೂಗುವವರೆಗೆ ಕಾದರು. ಇಬ್ಬರ ಲೆಕ್ಕಕ್ಕೂ ಒಂಬತ್ತು ಸೆಕೆಂಡುಗಳ ಅಂತರವಿತ್ತು, ಮೊದಲ ಬಹುಮಾನ ಆ ಒಂಬತ್ತು ಸೆಕೆಂಡುಗಳಲ್ಲೇ ಸಿಕ್ಕಿಕೊಂಡಿತ್ತು. ಆ ಹುಡುಗಿ ಮರುವರ್ಷ ಬರಲಿಲ್ಲ. ಅಂದಿನಿಂದ ನಾವು ಸ್ಪರ್ಧೆಯ ಸಿದ್ಧತೆಯನ್ನು ಸ್ಟಾಪ್‌ವಾಚಿನಿಂದಲೇ ಆರಂಭಿಸುತ್ತೇವೆ. ಮೈದಾನ, ದಿನ, ನಿಯಮ ಎಲ್ಲವನ್ನೂ ಅದಕ್ಕೆ ಹೊಂದಿಸುತ್ತೇವೆ. ತಮ್ಮ ಬಡಾವಣೆಯಲ್ಲೋ ಸಂಘದಲ್ಲೋ ಇಂಥ ಸ್ಪರ್ಧೆ ಆರಂಭಿಸಬೇಕೆನ್ನುವವರಿಗೆ ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಬಗೆಯ ಸ್ಪರ್ಧೆ?

ಮಾದರಿ ವಿಮಾನಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ಕೈಬಿಟ್ಟ ಮೇಲೆ ತನ್ನಷ್ಟಕ್ಕೆ ಹಾರುವ ‘ಫ್ರೀ ಫ್ಲೈಟ್’ ಒಂದು. ಎರಡು ತಂತಿಗಳ ಹಿಡಿತದಲ್ಲಿ ಹಾರಿಸುವವನ ಸುತ್ತಲೇ ಸುತ್ತುವ ‘ಕಂಟ್ರೋಲ್ ಲೈನ್’ ಇನ್ನೊಂದು. ರೇಡಿಯೊ ನಿಯಂತ್ರಣದ್ದು ಮೂರನೆಯದು. ಎನ್‌ಸಿಸಿಯ ವಾಯುದಳ ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿತವರು ಇವುಗಳನ್ನು ಬಲ್ಲರು. ಮೊದಲ ಮೂರು ನಾಲ್ಕು ವರ್ಷ ಫ್ರೀ ಫ್ಲೈಟ್‌ಗೇ ಅಂಟಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದರ ಖರ್ಚು ಕಡಿಮೆ, ಅಪಾಯ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಬಿಟ್ಟ ಮೇಲೆ ಯಾರೂ ಏನೂ ತಿದ್ದಲಾಗದ ಕಾರಣ ಅಲ್ಲಿ ಗೆಲ್ಲುವುದು ಮಗು ಮನೆಯಲ್ಲಿ ಕುಳಿತು ಮಾಡಿದ ಕೆಲಸವೇ ಹೊರತು ಅಪ್ಪ ಕೊಡಿಸಿದ ದುಬಾರಿ ಉಪಕರಣವಲ್ಲ.

ಇದರೊಳಗೆ ಎರಡು ವಿಭಾಗಗಳು ಸಾಕು: ಕೈಯಿಂದ ಎಸೆಯುವ ಗ್ಲೈಡರ್ ಮತ್ತು ರಬ್ಬರ್ ಸುತ್ತಿ ಹಾರಿಸುವ ವಿಮಾನ. ಎರಡನೆಯದಕ್ಕೆ ದೊಡ್ಡ ಇತಿಹಾಸವಿದೆ. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟ್ಯುಲರಿ ಉದ್ಯಾನದಲ್ಲಿ ಅಲ್ಫೋನ್ಸ್ ಪೆನೊ ಎಂಬ ತರುಣ ತಿರುಚಿದ ರಬ್ಬರಿನ ಬಲದಿಂದ ಪುಟ್ಟ ವಿಮಾನವೊಂದನ್ನು 11 ಸೆಕೆಂಡುಗಳ ಕಾಲ, ಸುಮಾರು 40 ಮೀಟರ್ ದೂರ ಹಾರಿಸಿ ತೋರಿಸಿದ. ರೈಟ್ ಸಹೋದರರ ಹಾರಾಟಕ್ಕೆ ಇನ್ನೂ 32 ವರ್ಷಗಳಿದ್ದವು. ನಮ್ಮ ಸ್ಪರ್ಧೆಯಲ್ಲಿ 11 ಸೆಕೆಂಡುಗಳನ್ನು ದಾಟಿದ ಪ್ರತಿಯೊಂದು ಮಗುವಿಗೂ, ಬಹುಮಾನ ಬರಲಿ ಬಾರದಿರಲಿ, ‘ಪೆನೊನನ್ನು ದಾಟಿದವರು’ ಎಂಬ ಪ್ರಮಾಣಪತ್ರ ಕೊಡುತ್ತೇವೆ. ಮಕ್ಕಳು ಮರುವರ್ಷ ತಪ್ಪದೆ ಬರುವುದಕ್ಕೆ ಟ್ರೋಫಿಗಿಂತ ಈ ಕಾಗದವೇ ಹೆಚ್ಚು ಕಾರಣವಾಗಿದೆ.

ಮೈದಾನದ ಲೆಕ್ಕ

ಮೈದಾನ ನೋಡಲು ಹೋಗುವ ಮುನ್ನ ಒಂದು ಗುಣಾಕಾರ ಮಾಡಿಕೊಳ್ಳಬೇಕು. ತನ್ನಷ್ಟಕ್ಕೆ ಹಾರುವ ವಿಮಾನ ಗಾಳಿಯೊಂದಿಗೇ ಸಾಗುವುದರಿಂದ, ಗಾಳಿಯ ವೇಗವನ್ನು ಹಾರಾಟದ ಅವಧಿಯಿಂದ ಗುಣಿಸಿದರೆ ಅದು ಎಷ್ಟು ದೂರ ಹೋಗಿ ಬೀಳುತ್ತದೆಂಬುದು ಸರಿಸುಮಾರಾಗಿ ತಿಳಿಯುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ 60 ಸೆಕೆಂಡು ಹಾರಿದ ವಿಮಾನ 180 ಮೀಟರ್ ಆಚೆ ಇಳಿಯುತ್ತದೆ. ನಗರದ ಯಾವ ಶಾಲಾ ಮೈದಾನಕ್ಕೂ ಇದು ಹೆಚ್ಚಾಯಿತು. ಅದೇ 2 ಮೀಟರ್ ವೇಗದಲ್ಲಿ 30 ಸೆಕೆಂಡು ಹಾರಿದರೆ 60 ಮೀಟರ್. ಕ್ರಿಕೆಟ್ ಆಡುವಷ್ಟು ದೊಡ್ಡ ಮೈದಾನವಿದ್ದರೆ ಇದು ಸುಖವಾಗಿ ಹಿಡಿಸುತ್ತದೆ.

ಆದ್ದರಿಂದ ಲೆಕ್ಕಕ್ಕೆ ಹಿಡಿಯುವ ಅವಧಿಗೆ ಒಂದು ಮೇಲ್ಮಿತಿ ಇರಬೇಕು. ಹಾರಿಸುವವರು ಇದನ್ನು ‘ಮ್ಯಾಕ್ಸ್’ ಎನ್ನುತ್ತಾರೆ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವಾದ ಎಫ್‌ಎಐ ತನ್ನ ದೊಡ್ಡ ಗ್ಲೈಡರ್‌ಗಳ ವರ್ಗಕ್ಕೆ ಸಾಮಾನ್ಯವಾಗಿ 180 ಸೆಕೆಂಡುಗಳ ಮ್ಯಾಕ್ಸ್ ಇಟ್ಟಿದೆ. ನಮ್ಮ ಮಕ್ಕಳಿಗೆ 30 ಸೆಕೆಂಡು ಸಾಕು. 34 ಸೆಕೆಂಡು ಹಾರಿದರೂ ಬರೆದುಕೊಳ್ಳುವುದು 30. ಮ್ಯಾಕ್ಸ್ ಇದ್ದರೆ ವಿಮಾನವನ್ನು ಕಳೆದುಕೊಳ್ಳುವಷ್ಟು ದೂರ ಹಾರಿಸುವ ಆಸೆಯೂ ಮಕ್ಕಳಿಗೆ ಹುಟ್ಟುವುದಿಲ್ಲ.

ಮೈದಾನದ ಸುತ್ತ ವಿದ್ಯುತ್ ತಂತಿ, ಬಾವಿ, ವಾಹನ ಓಡಾಡುವ ರಸ್ತೆ ಇದ್ದರೆ ಅದನ್ನು ಬಿಟ್ಟು ಬೇರೆ ಹುಡುಕಬೇಕು. ಮಗು ತನ್ನ ವಿಮಾನದ ಹಿಂದೆ ಓಡುವಾಗ ಮೇಲೆ ನೋಡುತ್ತಿರುತ್ತದೆಯೇ ವಿನಾ ಮುಂದೆ ನೋಡುವುದಿಲ್ಲ.

ದಿನ ಮತ್ತು ಹೊತ್ತು

ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು, ಫೆಬ್ರವರಿ ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆಗಳು. ಉಳಿದವುಗಳಲ್ಲಿ ನಮಗೆ ಹೊಂದುವುದು ಚಳಿಗಾಲದ ಡಿಸೆಂಬರ್ ಮತ್ತು ಜನವರಿ. ಜನವರಿಯಲ್ಲೂ ಸಂಕ್ರಾಂತಿಯ ಹಿಂದುಮುಂದಿನ ವಾರವನ್ನು ಬಿಡಬೇಕು, ಏಕೆಂದರೆ ಆಕಾಶದಲ್ಲಿ ಗಾಳಿಪಟಗಳೂ ಮರಗಳಲ್ಲಿ ಮಾಂಜಾ ದಾರವೂ ತುಂಬಿರುತ್ತವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲೇ ನಿಷೇಧಿಸಿದ್ದರೂ ಕೊಂಬೆಗಳಲ್ಲಿ ತೂಗುವ ತುಂಡುಗಳು ಮಕ್ಕಳ ಬೆರಳನ್ನು ಕೊಯ್ಯುತ್ತವೆ. ಗಣರಾಜ್ಯೋತ್ಸವದ ಆಸುಪಾಸಿನ ದಿನಗಳೂ ಬೇಡ. ನಾವು ಡಿಸೆಂಬರಿನ ಮೂರನೆಯ ಭಾನುವಾರವನ್ನು ಗೊತ್ತುಮಾಡಿಕೊಂಡಿದ್ದೇವೆ. ವಾರ್ಷಿಕ ಸ್ಪರ್ಧೆಗೆ ವರ್ಷವೂ ಅದೇ ಭಾನುವಾರ ಇರುವುದು ಬಹಳ ಮುಖ್ಯ. ಊರಿಗೆ, ಅಂದರೆ ಧಾರವಾಡಕ್ಕೋ ಕಲಬುರಗಿಗೋ, ಹೋಗುವ ಟಿಕೆಟ್ ತೆಗೆಸುವಾಗ ಪಾಲಕರು ಆ ದಿನವನ್ನು ಬಿಟ್ಟು ತೆಗೆಸುತ್ತಾರೆ.

ಹೊತ್ತು ಎಂದರೆ ಸೂರ್ಯೋದಯದ ಬೆನ್ನಿಗೇ. ಡಿಸೆಂಬರಿನಲ್ಲಿ ಇಲ್ಲಿ ಏಳು ಗಂಟೆಯ ಆಸುಪಾಸಿಗೆ ಬೆಳಕಾಗುತ್ತದೆ. ರಾತ್ರಿಯ ತಣ್ಣನೆಯ ಗಾಳಿ ಇನ್ನೂ ನೆಲಕ್ಕೆ ಅಂಟಿಕೊಂಡಂತಿರುತ್ತದೆ. ಬಿಸಿಲೇರಿದಂತೆ ಕಾದ ನೆಲದಿಂದ ‘ಥರ್ಮಲ್’ ಎನ್ನುವ ಬಿಸಿಗಾಳಿಯ ಕಂಬಗಳು ಎದ್ದು, ಅವುಗಳಲ್ಲಿ ಸಿಕ್ಕ ವಿಮಾನ ರೆಕ್ಕೆ ಹೇಗಿದ್ದರೂ ಮೇಲೇರುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗಿದವೆಂದರೆ ಥರ್ಮಲ್ ಎದ್ದಿದೆ ಎಂದೇ ಅರ್ಥ. ಅನುಭವಿಗಳ ಸ್ಪರ್ಧೆಯಲ್ಲಿ ಥರ್ಮಲ್ ಹುಡುಕುವುದೇ ಜಾಣತನ. ಮಕ್ಕಳ ಸ್ಪರ್ಧೆಯಲ್ಲಿ ಅದು ಅದೃಷ್ಟವನ್ನು ಮಾತ್ರ ಹೆಚ್ಚಿಸುತ್ತದೆ. ಒಂಬತ್ತು ಗಂಟೆಯೊಳಗೆ ಕೊನೆಯ ಹಾರಾಟ ಮುಗಿದಿರಬೇಕು.

ಗಾಳಿ ಅಳೆಯಲು ಉಪಕರಣವೇ ಬೇಕೆಂದಿಲ್ಲ. ಮುಖಕ್ಕೆ ಗಾಳಿ ತಾಗಿ ಎಲೆಗಳು ಸರಸರ ಎಂದರೆ ಅದು ಬ್ಯೂಫೋರ್ಟ್ ಮಾಪಕದ 2ನೆಯ ಹಂತ, ಹಾರಿಸಬಹುದು. ಸಣ್ಣ ಬಾವುಟ ಬಿಚ್ಚಿಕೊಂಡು ನಿಂತರೆ 3ನೆಯ ಹಂತ, ನಿಲ್ಲಿಸಿ ಕಾಯಬೇಕು. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಬಂದು, 1944ರಲ್ಲಿ ದೆಹಲಿಗೆ ಹೋಗುವವರೆಗೆ ಇದ್ದದ್ದು ಈ ಊರಿನಲ್ಲೇ. ಶಿವಾಜಿನಗರದ ಆ ಕಟ್ಟಡವನ್ನು ಜನ ಇಂದಿಗೂ ‘ಶಿಮ್ಲಾ ಆಫೀಸ್’ ಎನ್ನುತ್ತಾರೆ. ಇಲಾಖೆಯ ಮುನ್ಸೂಚನೆಯನ್ನು ಹಿಂದಿನ ಸಂಜೆ ತಪ್ಪದೆ ನೋಡಬೇಕು.

ಅನುಮತಿ

ಎರಡು ತಿಂಗಳ ಮುಂಚೆಯೇ ಮೈದಾನದ ಒಡೆಯರಿಂದ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯೊಂದಿಗೆ ಸ್ಥಳೀಯ ಪೊಲೀಸ್ ಠಾಣೆಗೆ ಪತ್ರ ಕೊಡಬೇಕು. ಪತ್ರ ಮರಾಠಿಯಲ್ಲಿರಲಿ; ಕೆಲಸ ಬೇಗ ಆಗುತ್ತದೆ. ‘ಎಂಜಿನ್ ಇಲ್ಲ, ರೇಡಿಯೊ ಇಲ್ಲ, ಕ್ಯಾಮೆರಾ ಇಲ್ಲ’ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕು, ಏಕೆಂದರೆ ವಿಮಾನವೆಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಡ್ರೋನ್. ಲೋಹೆಗಾಂವ್‌ನಲ್ಲಿ ವಾಯುಪಡೆಯ ನೆಲೆ, ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಹಡಪ್ಸರದಲ್ಲಿ ಗ್ಲೈಡಿಂಗ್ ಕೇಂದ್ರ ಇರುವ ಊರಿನಲ್ಲಿ ಅಧಿಕಾರಿಗಳು ಎಚ್ಚರ ವಹಿಸುವುದು ಸಹಜ. ಈ ಮೂರರ ನೆರೆಯಲ್ಲಿ ಮೈದಾನ ಹುಡುಕದಿರುವುದೇ ಒಳ್ಳೆಯದು.

ನಿಯಮ ಮತ್ತು ಕಮ್ಮಟ

ನಿಯಮಗಳು ಒಂದೇ ಪುಟದಲ್ಲಿರಬೇಕು, ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕು. ನೆರೆಮನೆಯ ಮಕ್ಕಳೂ ಬರುತ್ತಾರೆ, ಬರಲೇಬೇಕು. ರೆಕ್ಕೆಯ ತುದಿಯಿಂದ ತುದಿಗೆ 45 ಸೆಂಟಿಮೀಟರ್ ಮೀರಬಾರದು, ಮೂತಿ ಮೊಂಡಾಗಿರಬೇಕು, ಪ್ರತಿ ಮಗುವಿಗೂ ಮೂರು ಹಾರಾಟ, ಮೂರರ ಮೊತ್ತವೇ ಅಂಕ, ಸಮ ಬಂದರೆ ಮ್ಯಾಕ್ಸ್ ಇಲ್ಲದ ಒಂದು ಹೆಚ್ಚುವರಿ ಹಾರಾಟ. ಇದಕ್ಕಿಂತ ಹೆಚ್ಚು ಬರೆದರೆ ಯಾರೂ ಓದುವುದಿಲ್ಲ.

ಸ್ಪರ್ಧೆಗೆ ಒಂದು ತಿಂಗಳ ಮುಂಚೆ ಒಂದು ಕಮ್ಮಟ ಇಟ್ಟುಕೊಳ್ಳಬೇಕು. ತೀರಾ ಹಗುರವಾದ ಬಾಲ್ಸಾ ಮರ ಸಿಕ್ಕರೆ ಒಳ್ಳೆಯದು, ದುಬಾರಿಯೆನಿಸಿದರೆ ತೆಳು ಥರ್ಮಾಕೋಲ್ ಹಾಳೆಯೂ ಆಗುತ್ತದೆ. ಥರ್ಮಾಕೋಲ್‌ಗೆ ಫೆವಿಕ್ವಿಕ್ ಹಾಕಿದರೆ ಅದು ಕರಗಿ ತೂತಾಗುತ್ತದೆ. ಫೆವಿಕಾಲ್ ಹಚ್ಚಿ ರಾತ್ರಿಯಿಡೀ ಒಣಗಲು ಬಿಡಬೇಕು. ಗ್ಲೈಡರ್ ತೂಗಿ ನಿಲ್ಲುವ ಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಸುಮಾರು ಮೂರನೆಯ ಒಂದು ಭಾಗದಲ್ಲಿ ಬರುವಂತೆ ಮೂತಿಗೆ ಜೇಡಿಮಣ್ಣು ಮೆತ್ತುವುದನ್ನು ಮಕ್ಕಳ ಕೈಯಿಂದಲೇ ಮಾಡಿಸಬೇಕು. ರಬ್ಬರ್ ವಿಮಾನದವರಿಗೆ ಒಂದು ಗುಟ್ಟು: ರಬ್ಬರಿಗೆ ಗ್ಲಿಸರಿನ್ ಬೆರೆಸಿದ ಸಾಬೂನು ನೀರನ್ನಾಗಲಿ ಹರಳೆಣ್ಣೆಯನ್ನಾಗಲಿ ಸವರಿ, ಅದನ್ನು ಮೂರು ನಾಲ್ಕು ಪಟ್ಟು ಎಳೆದು ಹಿಡಿದು ಅರ್ಧ ಸುತ್ತುಗಳನ್ನು ಕೊಟ್ಟು, ಉಳಿದರ್ಧವನ್ನು ಸುತ್ತುತ್ತಾ ನಿಧಾನವಾಗಿ ಹತ್ತಿರ ಬಂದರೆ, ಸುಮ್ಮನೆ ಸುತ್ತಿದ್ದಕ್ಕಿಂತ ಎಷ್ಟೋ ಹೆಚ್ಚು ಸುತ್ತುಗಳು ಹಿಡಿಸುತ್ತವೆ. ಸುತ್ತುವಾಗ ಕಣ್ಣಿಗೆ ಕನ್ನಡಕ ಕಡ್ಡಾಯ. ಹರಿದ ರಬ್ಬರ್ ಚಾಟಿಯಂತೆ ಬಡಿಯುತ್ತದೆ.

ಟೈಮ್‌ಕೀಪರ್‌ಗಳು

ಇದೇ ಸ್ಪರ್ಧೆಯ ಹೃದಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಲವತ್ತು ಮಕ್ಕಳು, ತಲಾ ಮೂರು ಹಾರಾಟವೆಂದರೆ 120 ಹಾರಾಟಗಳು. ಕರೆಯುವುದು, ಹಾರಿಸುವುದು, ಬರೆದುಕೊಳ್ಳುವುದು ಸೇರಿ ಒಂದಕ್ಕೆ ಮೂರು ನಿಮಿಷ ಹಿಡಿಯುತ್ತದೆ. ಒಂದೇ ಸ್ಥಾನದಿಂದ ಹಾರಿಸಿದರೆ ಆರು ಗಂಟೆ ಬೇಕು. ನಾಲ್ಕು ಸ್ಥಾನಗಳಿದ್ದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಏಳೂಕಾಲಿಗೆ ಆರಂಭಿಸಿದರೆ ಎಂಟೂಮುಕ್ಕಾಲು. ಪ್ರತಿ ಸ್ಥಾನಕ್ಕೂ ಇಬ್ಬರಂತೆ ಎಂಟು ಟೈಮ್‌ಕೀಪರ್‌ಗಳು, ಇಬ್ಬರು ಮೀಸಲು. ಒಟ್ಟು ಹತ್ತು ಜನ, ಹತ್ತು ಸ್ಟಾಪ್‌ವಾಚು. ಮೊಬೈಲ್ ಬೇಡ, ಕರೆ ಬಂದರೆ ಸಮಯ ಹೋಗುತ್ತದೆ.

ವಿಮಾನ ಮಗುವಿನ ಕೈ ಬಿಟ್ಟ ಕ್ಷಣದಿಂದ ನೆಲವನ್ನೋ ಅಡ್ಡ ಬಂದ ವಸ್ತುವನ್ನೋ ತಾಗಿ ಹಾರಾಟ ಕೊನೆಗೊಳ್ಳುವವರೆಗೆ ಇಬ್ಬರೂ ಪ್ರತ್ಯೇಕವಾಗಿ ಅಳೆಯಬೇಕು. ಒಬ್ಬರ ಗಡಿಯಾರವನ್ನು ಇನ್ನೊಬ್ಬರು ನೋಡಬಾರದು. ಎಫ್‌ಎಐ ನಿಯಮದಂತೆ ಇಬ್ಬರ ಸರಾಸರಿ ತೆಗೆದು, ಸೆಕೆಂಡಿನ ಭಿನ್ನಾಂಶವನ್ನು ಬಿಟ್ಟುಬಿಡಬೇಕು: 23.64 ಮತ್ತು 23.18 ಬಂದರೆ ಸರಾಸರಿ 23.41, ಬರೆಯುವುದು 23. ವಿಮಾನ ಮರದ ಹಿಂದೆ ಮರೆಯಾದರೆ ಏನು ಮಾಡಬೇಕೆಂಬುದಕ್ಕೂ ಆ ನಿಯಮದಲ್ಲಿ ಉತ್ತರವಿದೆ. ಹತ್ತು ಸೆಕೆಂಡು ಕಾಯಬೇಕು. ಮತ್ತೆ ಕಾಣಿಸಿಕೊಂಡರೆ ಅಳತೆ ಮುಂದುವರಿಯುತ್ತದೆ, ಕಾಣದಿದ್ದರೆ ಗಡಿಯಾರ ನಿಲ್ಲಿಸಿ ಆ ಹತ್ತು ಸೆಕೆಂಡುಗಳನ್ನು ಕಳೆಯಬೇಕು. ನಮ್ಮ ಮೊದಲ ವರ್ಷದಲ್ಲಿ ಈ ಒಂದು ಸಾಲು ನಮಗೆ ಗೊತ್ತಿದ್ದರೆ ಸಾಕಿತ್ತು. ಟೈಮ್‌ಕೀಪರ್‌ಗಳು ವಿಮಾನದ ಹಿಂದೆ ಓಡುವಂತಿಲ್ಲ. ನಿಂತ ಜಾಗದಿಂದ ಹತ್ತು ಮೀಟರ್ ದೂರದೊಳಗೇ ಇರಬೇಕು, ಇಲ್ಲವಾದರೆ ಚುರುಕಾಗಿ ಓಡುವವರ ಸ್ಥಾನದಲ್ಲಿರುವ ಮಗುವಿಗೆ ಹೆಚ್ಚು ಸೆಕೆಂಡು ಸಿಗುತ್ತದೆ.

ತನ್ನ ಮಗುವಿನ ಹಾರಾಟವನ್ನು ಯಾರೂ ಅಳೆಯಬಾರದು. ನಮ್ಮಂಥ ಸಣ್ಣ ಬಳಗದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕಾಕಾ, ಮಾಮಾ, ಅತ್ತೆ. ಆದರೂ ಹೆತ್ತವರು ಬೇರೆ ಸ್ಥಾನಕ್ಕೆ ಹೋದರೆ ಸಾಕು, ಅನುಮಾನಕ್ಕೆ ಎಡೆಯಿರುವುದಿಲ್ಲ. ಸ್ಪರ್ಧೆಯ ಹಿಂದಿನ ಭಾನುವಾರ ಹತ್ತೂ ಜನರನ್ನು ಒಂದು ತಾರಸಿಯ ಮೇಲೆ ಸೇರಿಸಿ, ಒಂದೇ ಗ್ಲೈಡರನ್ನು ಹತ್ತು ಸಲ ಎಸೆದು, ಎಲ್ಲರ ಅಳತೆಯನ್ನೂ ಫಲಕದ ಮೇಲೆ ಬರೆಯುತ್ತೇವೆ. ಮೊದಲ ಎಸೆತದಲ್ಲಿ ಅರ್ಧ ಸೆಕೆಂಡಿನವರೆಗೂ ಇರುವ ವ್ಯತ್ಯಾಸ ಹತ್ತನೆಯದರ ಹೊತ್ತಿಗೆ ಕಾಣುವಷ್ಟು ತಗ್ಗುತ್ತದೆ. ನಿವೃತ್ತರಾದ ಬ್ಯಾಂಕ್ ನೌಕರರು ಈ ಕೆಲಸಕ್ಕೆ ಅತ್ಯುತ್ತಮರೆಂದು ನಾನು ಕಂಡುಕೊಂಡಿದ್ದೇನೆ. ಅವರ ಕೈಯಲ್ಲಿ ಅಂಕಿ ತಪ್ಪುವುದಿಲ್ಲ.

ಆ ದಿನ

ಆರೂವರೆಗೆ ಸಂಘಟಕರು ಮೈದಾನದಲ್ಲಿರಬೇಕು. ಸುಣ್ಣದಲ್ಲಿ ನಾಲ್ಕು ವೃತ್ತಗಳು, ಅವುಗಳ ಹಿಂದೆ ಪಾಲಕರು ದಾಟಬಾರದ ಗೆರೆ, ಗಾಳಿ ಬೀಸಿ ಬರುವ ದಿಕ್ಕಿಗೆ ಹಾರಿಸುವ ಸ್ಥಾನ, ಗಾಳಿ ಹೋಗುವ ದಿಕ್ಕಿಗೆ ಖಾಲಿ ಬಯಲು. ಒಂದು ಸುತ್ತಿನಲ್ಲಿ ಎಲ್ಲ ಮಕ್ಕಳೂ ಒಂದೊಂದು ಸಲ ಹಾರಿಸಿದ ಮೇಲೆಯೇ ಮುಂದಿನ ಸುತ್ತು. ಹಾಗಾದರೆ ಬದಲಾಗುವ ಗಾಳಿಯನ್ನು ಎಲ್ಲರೂ ಸಮನಾಗಿ ಹಂಚಿಕೊಂಡಂತಾಗುತ್ತದೆ. ನೆರಳಿನಲ್ಲಿ ಒಂದು ದುರಸ್ತಿ ಮೇಜು ಕಡ್ಡಾಯ: ಟೇಪು, ಫೆವಿಕಾಲ್, ಬ್ಲೇಡು, ಜೇಡಿಮಣ್ಣು, ಬಿಡಿ ರಬ್ಬರು, ಜೊತೆಗೆ ತಾಳ್ಮೆಯಿರುವ ಒಬ್ಬ ಹಿರಿಯರು. ಮೊದಲ ಸುತ್ತಿನಲ್ಲೇ ರೆಕ್ಕೆ ಮುರಿದ ಮಗು ಮೂರನೆಯ ಸುತ್ತಿಗೆ ಮತ್ತೆ ನಿಲ್ಲುವಂತಾಗಬೇಕು. ಮರಕ್ಕೆ ಸಿಕ್ಕ ವಿಮಾನ ಇಳಿಸಲು ಉದ್ದನೆಯ ಬಿದಿರು ಗಳ ಇರಲಿ, ಮರ ಹತ್ತಲು ಯಾರಿಗೂ ಬಿಡಬಾರದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು ಇದ್ದೇ ಇರಬೇಕು. ಪ್ರತಿ ಸುತ್ತು ಮುಗಿದ ಕೂಡಲೇ ಅಂಕಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಆಕ್ಷೇಪವಿದ್ದರೆ ಮುಂದಿನ ಸುತ್ತಿನೊಳಗೆ ಹೇಳಬೇಕು, ಬಹುಮಾನದ ಹೊತ್ತಿನಲ್ಲಲ್ಲ.

ಕೆಲವು ವರ್ಷಗಳ ನಂತರ ರೇಡಿಯೊ ವಿಭಾಗವನ್ನು ಸೇರಿಸುವ ಒತ್ತಾಯ ಬರುತ್ತದೆ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ಮೀರದವು ‘ನ್ಯಾನೊ’ ವರ್ಗಕ್ಕೆ ಸೇರುತ್ತವೆ, ಅವನ್ನು ಹಾರಿಸಲು ಪೈಲಟ್ ಪರವಾನಗಿ ಬೇಕಿಲ್ಲ. ಆದರೆ ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ನಿಮ್ಮ ಮೈದಾನ ಕೆಂಪು ಅಥವಾ ಹಳದಿ ವಲಯದಲ್ಲಿದ್ದರೆ ಪೂರ್ವಾನುಮತಿ ಬೇಕೇ ಬೇಕು. ಲಿಥಿಯಂ ಪಾಲಿಮರ್ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳುವುದರಿಂದ ಮರಳಿನ ಬಕೆಟ್ಟು ಪಕ್ಕದಲ್ಲಿರಬೇಕು. ಇದನ್ನು ಮಕ್ಕಳ ಸ್ಪರ್ಧೆ ಮುಗಿದ ಮೇಲೆಯೇ, ಬೇರೆಯಾಗಿ ನಡೆಸಬೇಕು.

ಬಹುಮಾನ ಹಂಚಿ, ತಿಂಡಿ ಮುಗಿಸಿ, ಮೈದಾನದಲ್ಲಿ ಬಿದ್ದ ಥರ್ಮಾಕೋಲ್ ಚೂರುಗಳನ್ನೆಲ್ಲ ಹೆಕ್ಕಿದ ನಂತರ ಕೊನೆಯ ಕೆಲಸವೊಂದಿದೆ. ಪ್ರತಿ ಮಗುವಿನ ಹೆಸರು, ಮೂರು ಹಾರಾಟಗಳ ಸೆಕೆಂಡುಗಳು, ಆ ಬೆಳಗಿನ ಗಾಳಿ ಹೇಗಿತ್ತೆಂಬುದು, ಇಷ್ಟನ್ನೂ ಗಟ್ಟಿ ರಟ್ಟಿನ ಒಂದು ಲೆಕ್ಕದ ಪುಸ್ತಕಕ್ಕೆ ಅಂದೇ ಇಳಿಸಿ, ಹತ್ತೂ ಟೈಮ್‌ಕೀಪರ್‌ಗಳ ಸಹಿ ಪಡೆಯಬೇಕು. ಮುಂದಿನ ವರ್ಷ ನೋಂದಣಿಗೆ ಬಂದ ಮಕ್ಕಳು ಮೊದಲು ಕೇಳುವುದು ಆ ಪುಸ್ತಕವನ್ನೇ. ಕಳೆದ ಸಲದ ತಮ್ಮ ಸಾಲಿನ ಮೇಲೆ ಬೆರಳಿಟ್ಟು, ದಾಟಬೇಕಾದ ಅಂಕಿಯನ್ನು ಅಂಗೈಯಲ್ಲಿ ಬರೆದುಕೊಂಡು ಹೋಗುತ್ತಾರೆ.